ಕರಗಿದ ಕುಂಕುಮ

ಒಂದನೇ ಮೈಲಿಗಲ್ಲು ದೂರದಲ್ಲಿ ಬೆಳ್ಳಗೆ ಕಂಡಾಗಲೂ ಎಂಜಿನ್ನು ಸಲೀಸಾಗಿ ಓಡುತ್ತಲೇ ಇತ್ತು.

"ನಿಂತೋಗು," ಎಂದ ಆರೋಗ್ಯಪ್ಪ, ಸ್ಟಿಯರಿಂಗಿನ ಮೇಲೆ ಬಾಗಿ. "ನಿಂತೋಗೇ ನಮ್ಮವ್ವ, ನಿನ್ ದಮ್ಮಯ್ಯ ಅಂತೀನಿ."

ಹತ್ತೊಂಬತ್ತು ವರ್ಷ ಮೋಟಾರು ಓಡಿಸಿದ ಡ್ರೈವರು ತನ್ನ ಗಾಡಿ ನಂಜನಗೂಡು ರಸ್ತೆಯ ನಡುಮಧ್ಯೆ ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡದ್ದು ಅವತ್ತೇ ಮೊದಲಿರಬೇಕು.

ಗಾಡಿ ನಿಲ್ಲಲಿಲ್ಲ. ಒಂದನೇ ಕಲ್ಲನ್ನೂ ದಾಟಿತು.

ಪಕ್ಕದಲ್ಲಿ ಅವನ ಸೋದರಳಿಯ ದೇವಸಹಾಯಂ ಕೂತಿದ್ದ. ಅವನ ಕಣ್ಣೆಲ್ಲ ಬಾನೆಟ್ಟಿನ ಪಕ್ಕಕ್ಕೆ ಹಗ್ಗದಿಂದ ಬಿಗಿದ ತಗಡಿನ ಡಬ್ಬದ ಮೇಲಿತ್ತು. ಅಳೆದು ಸುರಿದ ಒಂದೇ ಒಂದು ಗ್ಯಾಲನ್ ಪೆಟ್ರೋಲು ಅದರಲ್ಲಿ. ಟ್ಯಾಂಕಿನ ಕೊಳವೆಯನ್ನು ಬಿಚ್ಚಿ ಮುಚ್ಚಿ, ಈ ಡಬ್ಬದಿಂದಲೇ ಒಂದು ರಬ್ಬರ್ ನಳಿಕೆ ಎಳೆದು ಎಂಜಿನ್ನಿಗೆ ಕುಡಿಸಿದ್ದ. ಬೆಳಗ್ಗೆ ಇದೇ ಒಂದನೇ ಕಲ್ಲಿನಿಂದ ಹೊರಟು, ಹತ್ತನೇ ಕಲ್ಲಿನವರೆಗೆ ಹೋಗಿ, ತಿರುಗಿ ಬಂದಿದ್ದರು.

ಕಲ್ಲು ದಾಟಿ ಇನ್ನೂರು ಗಜ ಬಂದ ಮೇಲೆ ಎಂಜಿನ್ನು ಎರಡು ಸಲ ಕೆಮ್ಮಿತು. ಮೂರನೇ ಸಲ ಕೆಮ್ಮುವಷ್ಟೂ ಶಕ್ತಿ ಇಲ್ಲದೆ ತೆಪ್ಪಗಾಯಿತು.

ದೇವಸಹಾಯಂ ಮೀಟರು ನೋಡಿದ. ಹದಿನೆಂಟು ಮೈಲಿ. ಕಲ್ಲುಗಳ ಲೆಕ್ಕವೂ ಹದಿನೆಂಟೇ.

"ಗಾಡಿಗೆ ಏನೂ ಆಗಿಲ್ಲ ಮಾವ," ಎಂದ.

"ಏನೂ ಆಗಿಲ್ವಾ?" ಆರೋಗ್ಯಪ್ಪ ತಿರುಗಿ ಅವನನ್ನೇ ದುರುಗುಟ್ಟಿ ನೋಡಿದ. "ಲೋ, ಏನಾದ್ರೂ ಆಗಿದೆ ಅಂತ ಹೇಳಕ್ಕೆ ತಾನೆ ನಿನ್ನ ಕರ್ಕೊಂಡ್ ಬಂದಿದ್ದು? ಗಾಡಿಗೆ ಏನೂ ಆಗಿಲ್ಲ ಅಂದ್ರೆ ಇನ್ಯಾರಿಗೆ ಆಯ್ತು? ನಂಗಾಯ್ತು!"

ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಲಕ್ಷ್ಮೀಪುರಂನ ವಕೀಲ ಸಿದ್ದಮಲ್ಲಪ್ಪನವರ ಈ ಗಾಡಿ ಗ್ಯಾಲನ್ನಿಗೆ ಹದಿನೆಂಟು ಮೈಲಿ ಕೊಡುತ್ತಿದ್ದದ್ದು, ಆಯುಧಪೂಜೆಗೆ ಮುಂಚೆ ಪೂರ್ತಿ ರಿಪೇರಿಯಾಗಿ ಬಂದ ಮೇಲೆ ಹನ್ನೆರಡಕ್ಕೆ ಇಳಿದಿತ್ತು. ರೋಗ ಗಾಡಿಯದ್ದು ಎಂದು ಇವತ್ತು ಸಂಜೆ ಐದರೊಳಗೆ ತೋರಿಸದಿದ್ದರೆ ಆರೋಗ್ಯಪ್ಪ ಪೆಟ್ರೋಲ್ ಕಳ್ಳನಾಗಿ ಪೊಲೀಸರ ಕೈ ಸೇರಬೇಕು. ಲೈಸೆನ್ಸು ಹೋಗುತ್ತದೆ. ಬಂಗಲೆಯ ಹಿಂದಿನ ಒಂದು ಕೋಣೆಯ ಬಿಡಾರ ಹೋಗುತ್ತದೆ. ಅಲ್ಲಿ ಕೆಮ್ಮುತ್ತ ಮಲಗಿದ್ದ ಅವನ ಹೆಂಡತಿ ಸವರಿಯಮ್ಮ ಬೀದಿಗೆ ಬೀಳುತ್ತಾಳೆ.

ಈ ಊರಿನಲ್ಲಿ ಮೋಟಾರು ಇಟ್ಟವರದ್ದು ಒಂದೇ ನ್ಯಾಯ. ಗಾಡಿ ಕೆಟ್ಟರೆ ಡ್ರೈವರು ಕೆಡಿಸಿದ. ಗಾಡಿ ಚೆನ್ನಾಗಿದ್ದರೆ ಡ್ರೈವರು ಕದ್ದ.

ದೇವಸಹಾಯಂ ಹಲ್ಲು ಕಡಿದುಕೊಂಡು ಕೆಳಗಿಳಿದ. ಇಪ್ಪತ್ತನಾಲ್ಕರ ಹುಡುಗ, ಮೋಟಾರು ಫಿಟ್ಟರು. ಎಂಜಿನ್ನಿನ ಸದ್ದು ಕೇಳಿಯೇ ಯಾವ ಪ್ಲಗ್ಗು ಸತ್ತಿದೆ ಎಂದು ಹೇಳುವವನು. ಸೋದರಮಾವನ ಮೇಲೆ ಕಳ್ಳತನ ಹೊರಿಸಿದ್ದಾರೆ ಎಂದು ಕೇಳಿದ ದಿನದಿಂದ ಅವನಿಗೆ ಅನ್ನ ಇಳಿದಿರಲಿಲ್ಲ.

ನಾಲ್ಕೂ ಚಕ್ರದ ಬ್ರೇಕ್ ಡ್ರಮ್ಮಿಗೆ ಅಂಗೈ ಇಟ್ಟು ನೋಡಿದ. ತಣ್ಣಗಿದ್ದವು. ಬ್ರೇಕು ಹಿಡಿದುಕೊಂಡು ಗಾಡಿಯನ್ನು ಎಳೆಯುತ್ತಿದ್ದರೆ ಕೈ ಸುಡಬೇಕಿತ್ತು. ಒಂದು ಪ್ಲಗ್ಗು ಬಿಚ್ಚಿದ. ಮಸಿ ಇಲ್ಲ, ಬಿಸ್ಕತ್ತಿನ ಬಣ್ಣ. ಪೆಟ್ರೋಲು ಮಿತಿಮೀರಿ ಸುರಿಯುತ್ತಿದ್ದರೆ ಅದು ಕಾಡಿಗೆ ಹಚ್ಚಿಕೊಂಡಿರಬೇಕಿತ್ತು. ಟೈರುಗಳಿಗೆ ಒದ್ದು ನೋಡಿದ. ಗಾಳಿ ಗಟ್ಟಿಯಾಗಿತ್ತು.

"ಟ್ಯಾಂಕು ಸೋರ್ತಿರಬೌದು," ಎಂದು ಗೋಣಿತಾಟನ್ನು ರಸ್ತೆಗೆ ಹಾಸಿದ.

"ಕೆಳಗೇನೈತೆ ಬುಡೋ. ಬೆಳಗ್ಗೇನೇ ನೋಡ್ದಲ್ಲ. ಮಣ್ಣು ಬಳ್ಕೊಂಡು ಎದ್ ಬಂದೆ."

"ಇನ್ನೊಂದ್ ಸಲ ಬಳ್ಕೋತೀನಿ. ನಂದೇನು ರೇಷ್ಮೆ ಪಂಚೆಯೇ?"

ಬೆಳಗ್ಗೆ ಹೊರಡುವ ಮುಂಚೆ ಅವನು ಗಾಡಿಯ ಕೆಳಗೆ ತೂರಿ ನೋಡಿದ್ದು ನಿಜ. ಅಲ್ಲಿನ ಪ್ರತಿ ನಟ್ಟಿನ ಮೇಲೂ ಒಂದು ಕೆಂಪು ಗೆರೆ ಇತ್ತು. ಅದು ಗಾಡಿಯನ್ನು ರಿಪೇರಿ ಮಾಡಿದ ನಂಜುಂಡಯ್ಯನ ಪದ್ಧತಿ. ಆಯುಧಪೂಜೆಗೆಂದು ಬಂದ ಗಾಡಿಗಳಿಗೆ ಅವನು ಎದುರಿಗೆ ಮಾತ್ರ ಕುಂಕುಮ ಹಚ್ಚಿ ಕೈತೊಳೆಯುವವನಲ್ಲ. ತಾನು ಬಿಗಿದ ಒಂದೊಂದು ನಟ್ಟಿಗೂ, ನಟ್ಟಿನಿಂದ ಪಕ್ಕದ ಕಬ್ಬಿಣದವರೆಗೆ, ಉಗುರಿನಷ್ಟು ಉದ್ದದ ಗೆರೆ ಎಳೆಯುತ್ತಾನೆ. ದೇವರಿಗೂ ಆಯಿತು, ಗುರುತಿಗೂ ಆಯಿತು. ಆಮೇಲೆ ಬೇರೆ ಯಾವನಾದರೂ ನಟ್ಟು ತಿರುಗಿಸಿದರೆ ಗೆರೆ ತುಂಡಾಗುತ್ತದೆ. ಬೆಳಗ್ಗೆ ಒಂದು ಗೆರೆಯೂ ತುಂಡಾಗಿರಲಿಲ್ಲ.

ಟ್ಯಾಂಕು ಸೋರುತ್ತಿರಲಿಲ್ಲ. ಕೊಳವೆಯೂ ಒಣಗಿತ್ತು. ಹಿಂದಕ್ಕೆ ಸರಿದು ಹೊರಬರುವಾಗ ಅವನ ಹಣೆಯ ಮೇಲೆ ಒಂದು ತೊಟ್ಟು ಬಿತ್ತು.

ಬೆರಳಿನಿಂದ ಒರೆಸಿಕೊಂಡು ನೋಡಿದ. ಕೆಂಪಗಿತ್ತು.

ತಲೆ ಎತ್ತಿದ. ಗೇರ್ ಬಾಕ್ಸಿನ ಹಿಂಬದಿಯಲ್ಲಿ, ಒಂದು ನಟ್ಟಿನ ಮೇಲಿದ್ದ ಗೆರೆ ಕರಗಿ ಕೆಳಕ್ಕೆ ಇಳಿಯುತ್ತಿತ್ತು. ಅದರ ಆಚೀಚೆ ಇದ್ದ ಗೆರೆಗಳು ಧೂಳು ಹಿಡಿದು ಕಪ್ಪಗೆ ಗಟ್ಟಿಯಾಗಿದ್ದವು. ಹದಿನೆಂಟು ಮೈಲಿಯ ಕಾವಿಗೆ ಒಂದಿಷ್ಟೂ ಅಲುಗಿರಲಿಲ್ಲ. ಇದೊಂದು ಮಾತ್ರ ಅಳುತ್ತಿತ್ತು.

ಬೆರಳನ್ನು ಬೆರಳಿಗೆ ಉಜ್ಜಿದ. ಜಿಡ್ಡಲ್ಲ, ಅಂಟು. ಮೂಸಿ ನೋಡಿದ. ಜೇನಿನ ವಾಸನೆ.

ಮೇಣ!

ಮಲಗಿದ್ದಲ್ಲೇ ದೇವಸಹಾಯಂ ಆ ನಟ್ಟನ್ನು ಮತ್ತೊಮ್ಮೆ ಮುಟ್ಟಿ ನೋಡಿದ. ಅದು ಬೇರೆ ಯಾವುದೋ ನಟ್ಟಲ್ಲ. ಮೈಲಿ ಎಣಿಸುವ ಮೀಟರಿಗೆ ಹೋಗುವ ತಂತಿಯ ನಟ್ಟು. ಪಾನಾ ಬೇಡ, ಬರಿಗೈಯಲ್ಲಿ ಬಿಚ್ಚಬಹುದು. ಬಿಚ್ಚಿದರೆ ಗಾಡಿ ಓಡುತ್ತದೆ, ಮೀಟರು ಓಡುವುದಿಲ್ಲ.

ಗಾಡಿ ಹೆಚ್ಚು ಕುಡಿಯುತ್ತಿಲ್ಲ. ಹೆಚ್ಚು ಓಡುತ್ತಿದೆ. ಯಾರೋ ಓಡಿಸುತ್ತಿದ್ದಾರೆ, ಓಡಿಸಿದ ದೂರವನ್ನು ಬಚ್ಚಿಡುತ್ತಿದ್ದಾರೆ.

ವಕೀಲರ ಲೆಕ್ಕದ ಪ್ರಕಾರ ವಾರಕ್ಕೆ ನಾಲ್ಕು ಗ್ಯಾಲನ್ ಕಾಣೆಯಾಗುತ್ತಿತ್ತು. ನಾಲ್ಕು ಹದಿನೆಂಟಲೆ ಎಪ್ಪತ್ತೆರಡು. ಹೋಗಲು ಮೂವತ್ತಾರು ಮೈಲಿ, ಬರಲು ಮೂವತ್ತಾರು. ಅಷ್ಟು ದೂರ ಹೋಗಿ ಬರಲು ಒಂದು ಇಡೀ ದಿನ ಬೇಕು. ವಾರದಲ್ಲಿ ಗಾಡಿಗೆ ಬಿಡುವಿರುವ ದಿನ ಒಂದೇ.

ಹೊರಗೆ ಬಂದವನೇ ಕೇಳಿದ: "ಮಾವ, ಭಾನುವಾರ ಗಾಡಿ ಎಲ್ಲಿರ್ತದೆ?"

"ಶೆಡ್ನಲ್ಲಿ. ಇನ್ನೆಲ್ಲಿರ್ತದೆ?"

"ನೀವು?"

"ಇಗರ್ಜೀಲಿ. ಪೂಜೆ ಮುಗಿಸ್ಕೊಂಡು ಮನೆ. ನಿನ್ನಂಗೆ ವರ್ಷಕ್ಕೊಂದ್ಸಲ ಕ್ರಿಸ್ಮಸ್ಸಿಗೆ ಮುಖ ತೋರ್ಸೋನಾ ನಾನು?"

"ಶೆಡ್ಡಿನ ಬೀಗದಕೈ?"

"ಒಂದು ನನ್ ಸೊಂಟದಲ್ಲಿ. ಇನ್ನೊಂದು ಬುದ್ಧಿಯೋರ ಹತ್ರ. ಯಾಕೋ, ಪೊಲೀಸೋರಿಗಿಂತ ಮುಂಚೆ ನೀನೇ ಶುರು ಹಚ್ಕೊಂಡ್ಯಾ?"

ದೇವಸಹಾಯಂ ಕೆಂಪಾದ ಬೆರಳನ್ನು ಅವನ ಮುಖದ ಮುಂದೆ ಹಿಡಿದ.

ಆರೋಗ್ಯಪ್ಪ ಅದನ್ನು ನೋಡಿದ. ನೋಡಿ ರಸ್ತೆಯ ಕಡೆ ಮುಖ ತಿರುಗಿಸಿದ. ರಕ್ತವೇ ಎಂದು ಕೇಳಲಿಲ್ಲ. ಏಟಾಯಿತೇ ಎಂದೂ ಕೇಳಲಿಲ್ಲ.

"ಕೈ ಒರುಸ್ಕೊ," ಎಂದ. "ಹೊತ್ತಾಯ್ತು."

* * *

ನಂಜುಂಡಯ್ಯನ ವರ್ಕ್‌ಶಾಪು ದೊಡ್ಡ ಗಡಿಯಾರದ ಹಿಂದಿನ ಬೀದಿಯಲ್ಲಿತ್ತು. ಹೊರಗೆ ಎರಡು ಕುದುರೆಲಾಳದ ಅಂಗಡಿ, ನಡುವೆ ಇವನ ತಗಡಿನ ಚಪ್ಪರ. ದೇವಸಹಾಯಂ ಹೋದಾಗ ಅವನು ಹಣೆ ತುಂಬ ವಿಭೂತಿ, ಮೊಣಕೈವರೆಗೆ ಗ್ರೀಸು ಬಳಿದುಕೊಂಡು ಒಂದು ಲಾರಿಯ ಹೊಟ್ಟೆಯೊಳಗೆ ತಲೆ ತೂರಿಸಿದ್ದ. ಹನ್ನೆರಡು ಗಂಟೆ ಬಿಸಿಲು.

"ಬಂದ್ಯಾ?" ಎಂದ, ತಲೆ ಹೊರಗೆ ತೆಗೆಯದೆ. "ನಂಜುಂಡಯ್ಯ ಬಿಗಿದ ಗಾಡಿ ಪೆಟ್ರೋಲ್ ಕುಡೀತದೆ ಅಂತ ಊರೆಲ್ಲ ಡಂಗುರ ಹೊಡ್ಸಿದ್ದು ಸಾಲ್ದು ಅಂತ ಇಲ್ಲಿಗೇ ಬಂದ್ಯಾ?"

"ಡಂಗುರ ಹೊಡ್ಸಿದ್ದು ನಾನಲ್ಲ ಸ್ವಾಮಿ, ಲಾಯರು. ಹದಿನೆಂಟು ಮೈಲಿ ಕೊಡ್ತು. ಈಗ ತಾನೆ ಓಡಿಸ್ಕೊಂಡ್ ಬಂದೆ. ನಿಮ್ಮ ಕೆಲಸದಲ್ಲಿ ಕೂದಲಷ್ಟು ತಪ್ಪಿಲ್ಲ."

ಇದಕ್ಕೆ ತಲೆ ಹೊರಗೆ ಬಂತು. ಜೊತೆಗೆ ಒಂದು ನಗುವೂ ಬಂತು.

"ಹಂಗ್ ಹೇಳು. ಕಾಫಿ ಕುಡೀತಿಯಾ?"

"ಮೊದಲು ಇದನ್ನ ನೋಡಿ." ದೇವಸಹಾಯಂ ಜೇಬಿನಿಂದ ಮಡಿಸಿದ ಹತ್ತಿಯ ತುಂಡು ತೆಗೆದ. ನಟ್ಟಿನ ಮೇಲಿದ್ದ ಕೆಂಪನ್ನು ಅದರಲ್ಲಿ ಒರೆಸಿ ತಂದಿದ್ದ. "ನಿಮ್ಮ ಗೆರೆ ಹೌದೋ ಅಲ್ವೋ?"

ನಂಜುಂಡಯ್ಯ ಮುಟ್ಟಿದ, ಮೂಸಿದ, ಬಿಸಿಲಿಗೆ ಹಿಡಿದ. ನಗು ಅಲ್ಲೇ ಆರಿಹೋಯಿತು.

"ಯಾವನೋ ಅವನು ನನ್ ನಟ್ ಮುಟ್ಟಿದ್ದು?"

"ಅಂದ್ರೆ ನಿಮ್ದಲ್ಲ."

"ಲೇ, ನಾನು ಕುಂಕುಮ ಕಲಸೋದು ಹರಳೆಣ್ಣೇಲಿ. ನಮ್ಮಪ್ಪ ಗಾಡಿಚಕ್ರದ ಕೀಲಿಗೆ ಹಚ್ತಿದ್ದಿದ್ದೂ ಅದೇ. ಒಂದ್ಸಲ ಹಿಡ್ಕೊಂತು ಅಂದ್ರೆ ಉಳಿಯಲ್ಲಿ ಕೆತ್ತಬೇಕು. ಇದು ಮೇಣ ಕಣೋ. ಹೆಂಗಸ್ರು ಹಣೆಗೆ ಮೊದ್ಲು ಮೇಣ ತೀಡಿ ಮೇಲೆ ಕುಂಕುಮ ಒತ್ತಲ್ವಾ, ಆ ಮೇಣ."

"ನಿಮ್ಮ ಗೆರೆ ತುಂಡಾಗಿದ್ದು ಕಾಣದಿರಲಿ ಅಂತ ಅದರ ಮೇಲೆ ಇದನ್ನ ಹಚ್ಚಿದಾರೆ."

"ಹಚ್ಚಿದೋನಿಗೆ ಬುದ್ಧಿ ಇಲ್ಲ. ಕಾಯೋ ಕಬ್ಬಿಣಕ್ಕೆ ಮೇಣ ನಿಲ್ತದಾ?" ನಂಜುಂಡಯ್ಯ ಹತ್ತಿಯನ್ನು ಹಿಂದಕ್ಕೆ ಕೊಟ್ಟ. ಕೊಡುವಾಗ ಸ್ವಲ್ಪ ತಡೆದ. "ಒಂದ್ ಮಾತ್ ಹೇಳ್ಲಾ? ಬೇಜಾರ್ ಮಾಡ್ಕೋಬೇಡ."

"ಹೇಳಿ."

"ಕುಂಕುಮದ ಮನೇಲಿ ಹುಟ್ಟಿದ ಗಂಡಸು ಇಂಥ ಕೆಲಸ ಮಾಡಲ್ಲ. ಬಾಗಿಲಿಗೆ, ತಕ್ಕಡಿಗೆ, ನೇಗಿಲಿಗೆ ಎಣ್ಣೆನೋ ನೀರೋ ಹಾಕಿ ಕಲಸಿ ಹಚ್ಚೋದನ್ನ ಹುಟ್ಟಿದಾಗಿಂದ ನೋಡಿರ್ತಾನೆ. ಕುಂಕುಮ ಅಂದ್ರೆ ಹೆಂಗಸ್ರ ಹಣೇಲಿ ದೂರದಿಂದ ನೋಡಿರೋದಷ್ಟೇ ಅನ್ನೋನು, ಹಂಗೇ ಹಚ್ಚಬೇಕು ಅಂತ ತಿಳ್ಕೊಂಡು ಮೇಣ ಹುಡುಕ್ಕೊಂಡ್ ಹೋಗ್ತಾನೆ."

"ಅಂದ್ರೆ?"

"ಅಂದ್ರೆ ನಿಮ್ಮೋನು ಯಾವನೋ."

ದೇವಸಹಾಯಂನ ಕಿವಿ ಕೆಂಪಗಾಯಿತು. "ಕಳ್ಳತನಕ್ಕೂ ಜಾತಿ ಹುಡುಕ್ತೀರಾ ಸ್ವಾಮಿ? ಲಾಯರು ಡ್ರೈವರ್ ಕಳ್ಳ ಅಂತಾರೆ, ನೀವು ಕಿಲಿಸ್ತಾನ ಕಳ್ಳ ಅಂತೀರಿ. ನಿಮಗೂ ಅವರಿಗೂ ಏನ್ ವ್ಯತ್ಯಾಸ?"

"ನಾನು ಕಳ್ಳ ಅಂದ್ನಾ? ಹಚ್ಚಿದೋನು ಅಂದೆ. ಹಚ್ಚೋದೇ ಬೇರೆ, ಕದಿಯೋದೇ ಬೇರೆ." ನಂಜುಂಡಯ್ಯ ಮತ್ತೆ ಲಾರಿಯೊಳಕ್ಕೆ ತಲೆ ತೂರಿಸಿದ. ಒಳಗಿನಿಂದಲೇ ಅವನ ಮಾತು ಬಂತು: "ಕಾಫಿ ಕುಡಿದ್ ಹೋಗು. ಸಿಟ್ಟಲ್ಲಿ ಬರಿಹೊಟ್ಟೇಲಿ ದೊಡ್ಡೋರ ಮನೆಗೆ ಹೋಗ್ಬಾರ್ದು."

ದೇವಸಹಾಯಂ ಕಾಫಿ ಕುಡಿಯಲಿಲ್ಲ.

ಲಕ್ಷ್ಮೀಪುರಂಗೆ ನಡೆದೇ ಹೊರಟ. ಅರಮನೆಯ ಕೋಟೆಗೋಡೆಯ ಉದ್ದಕ್ಕೂ ಬಿಸಿಲು ಸುರಿಯುತ್ತಿತ್ತು. ಜಟಕಾದವನೊಬ್ಬ ಬರುತ್ತೀಯಾ ಎಂದು ಕೂಗಿದ್ದು ಕಿವಿಗೆ ಬೀಳಲಿಲ್ಲ. ರಸ್ತೆಯಲ್ಲಿ ಮುಖ ತಿರುಗಿಸಿದ ಸೋದರಮಾವನೇ ಕಣ್ಣ ಮುಂದಿದ್ದ. ಕೆಂಪು ಬೆರಳನ್ನು ನೋಡಿ ಏನೆಂದು ಕೇಳದ ಮನುಷ್ಯನಿಗೆ ಅದು ಏನೆಂದು ಗೊತ್ತಿರಬೇಕು.

ಹಾಗಂದುಕೊಂಡ ತಕ್ಷಣ ತನ್ನ ಮೇಲೆಯೇ ಅವನಿಗೆ ಅಸಹ್ಯವಾಯಿತು. ತಂದೆ ಸತ್ತ ವರ್ಷ ಶಾಲೆ ಬಿಡಿಸಿದಾಗ, ಅಳುತ್ತ ಕೂತವನ ಕೈಗೆ ಪಾನಾ ಕೊಟ್ಟು, ಅನ್ನ ಹುಟ್ಟುವ ಕೆಲಸ ಕಲಿಸಿದವನು ಈ ಮಾವ. ಅವನನ್ನು ಅನುಮಾನಿಸುವುದಾದರೆ ತಾನೂ ಒಂದು ಬಂಗಲೆ ಕಟ್ಟಿಸಿಕೊಂಡು ಲಾಯರಾಗುವುದೇ ಲೇಸು.

ಆದರೂ ಅನುಮಾನ ಹೋಗಲಿಲ್ಲ. ಚಪ್ಪಲಿಯೊಳಗೆ ಸಿಕ್ಕ ಕಲ್ಲಿನ ಹಾಗೆ ಹೆಜ್ಜೆ ಹೆಜ್ಜೆಗೂ ಒತ್ತಿತು.

ಕಡೆಗೆ ಒಂದು ವಿಷಯ ಮಾತ್ರ ಅವನ ಕೈಗೆ ಗಟ್ಟಿಯಾಗಿ ಸಿಕ್ಕಿತು. ಯಾರೇ ಓಡಿಸಿರಲಿ, ಯಾರೇ ಮೇಣ ಹಚ್ಚಿರಲಿ, ಪೆಟ್ರೋಲು ಕದ್ದು ಮಾರಿದ ಮಾತು ಮಾತ್ರ ಸುಳ್ಳು. ಟ್ಯಾಂಕಿನಿಂದ ಕದಿಯುವವನಿಗೆ ಮೈಲಿ ಮುಚ್ಚಿಡುವ ಕೆಲಸವೇನು? ಮೀಟರಿನಲ್ಲಿ ಮೈಲಿ ಜಾಸ್ತಿಯಾದಷ್ಟೂ ಅವನಿಗೇ ಲಾಭ, ಕದ್ದದ್ದು ಅದರಲ್ಲಿ ಅಡಗುತ್ತದೆ. ಈ ನಟ್ಟು ಬಿಚ್ಚಿದವನು ಪೆಟ್ರೋಲ್ ಕಳ್ಳ ಆಗಿರಲಾರ.

ಲಾಯರು ಕೋರ್ಟಿನಿಂದ ಬರುವವರೆಗೆ ಕಾದು ಇಷ್ಟು ಹೇಳಿದರೆ ಸಾಕು. ಮಾವ ಉಳಿಯುತ್ತಾನೆ.

* * *

ಸಿದ್ದಮಲ್ಲಪ್ಪನವರು ಕೋರ್ಟಿನಿಂದ ಬಂದು, ಜರಿಪೇಟ ಗೂಟಕ್ಕೆ ಹಾಕಿ, ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಎದುರಿಗೊಂದು ಮೇಜು. ಗೋಡೆ ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು. ಕೆಳಗೆ ಅಂಗಳದಲ್ಲಿ ಆರೋಗ್ಯಪ್ಪ ಗಾಡಿಯ ಮಡ್‌ಗಾರ್ಡನ್ನು ಒರೆಸುತ್ತ ನಿಂತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ.

"ಏನಯ್ಯಾ ಡಾಕ್ಟರೇ," ಎಂದರು ಸಿದ್ದಮಲ್ಲಪ್ಪನವರು. "ರೋಗಿ ನಾಡಿ ನೋಡಿದ್ಯಾ?"

"ನೋಡ್ದೆ ಸ್ವಾಮಿ. ಗಾಡಿಗೆ ರೋಗ ಇಲ್ಲ. ಹದಿನೆಂಟು ಮೈಲಿ ಕೊಡ್ತು."

"ಹಾಗಾದ್ರೆ ಮುಗೀತಲ್ಲ." ಅವರು ಕನ್ನಡಕ ತೆಗೆದು ಒರೆಸಿದರು. "ಸ್ವಂತ ಅಳಿಯನೇ ಸಾಕ್ಷಿ ಹೇಳಿದ ಮೇಲೆ ನಾನೇನು ಹೇಳೋದಿದೆ?"

"ಪೂರ್ತಿ ಕೇಳ್ಬುಡಿ. ಪೆಟ್ರೋಲ್ ಯಾರೂ ಕದ್ದಿಲ್ಲ. ಗಾಡಿ ಓಡಿದೆ."

ಕನ್ನಡಕ ಒರೆಸುತ್ತಿದ್ದ ಕೈ ನಿಂತಿತು.

ದೇವಸಹಾಯಂ ನಿಂತಲ್ಲಿಂದಲೇ ಎಲ್ಲ ಹೇಳಿದ. ಮೀಟರಿನ ತಂತಿ, ಬರಿಗೈಗೆ ಬಿಚ್ಚುವ ನಟ್ಟು, ತುಂಡಾದ ಗೆರೆ, ಅದರ ಮೇಲೆ ಹಚ್ಚಿದ ಮೇಣ, ವಾರಕ್ಕೆ ಎಪ್ಪತ್ತೆರಡು ಮೈಲಿ. ಕುರ್ಚಿ ತೋರಿಸಲಿಲ್ಲ, ಅವನು ಕೇಳಲೂ ಇಲ್ಲ. ಹತ್ತಿಯ ತುಂಡನ್ನು ಮೇಜಿನ ಮೇಲೆ, ಅವರ ಕಾಫಿಲೋಟದ ಪಕ್ಕದಲ್ಲೇ ಇಟ್ಟ.

"ಕದಿಯೋನು ಮೈಲಿ ಮುಚ್ಚಲ್ಲ ಸ್ವಾಮಿ. ಮೈಲಿ ಮುಚ್ಚೋನು, ಹೋದ ಜಾಗ ಮುಚ್ಚೋನು. ನಮ್ಮಾವನ್ನ ಕಳ್ಳ ಅಂದ್ರಲ್ಲ, ಆ ಮಾತನ್ನ ವಾಪಸ್ ತಗೊಳ್ಳಿ."

ಸಿದ್ದಮಲ್ಲಪ್ಪನವರು ಆ ಹತ್ತಿಯನ್ನು ಲೋಟದಿಂದ ದೂರ ಸರಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು:

"ಇದನ್ನ ಇನ್ಯಾರಿಗೆ ಹೇಳಿದ್ದೀಯ?"

ಸ್ವಂತ ಗಾಡಿಯನ್ನು ಯಾರೋ ವಾರವಾರ ಎಪ್ಪತ್ತೆರಡು ಮೈಲಿ ಓಡಿಸುತ್ತಿದ್ದಾರೆ ಎಂದು ತಿಳಿದ ಯಜಮಾನ ಮೊದಲು ಕೇಳುವುದು ಏನು? ಯಾರು? ಎಲ್ಲಿಗೆ? ಇವರು ಎರಡನ್ನೂ ಕೇಳಲಿಲ್ಲ.

"ಎಲ್ಲಿಗ್ ಹೋಯ್ತು ಅಂತ ಕೇಳಲ್ವಾ ಸ್ವಾಮಿ?"

"ನಾನು ಏನು ಕೇಳಬೇಕು ಅಂತ ನೀನು ಹೇಳಿಕೊಡ್ತೀಯೇನೋ?"

"ಹೇಳಿಕೊಡೋಷ್ಟು ಓದಿಲ್ಲ. ಆದ್ರೆ ಕೇಳದೇ ಇದ್ದಿದ್ದು ಕಾಣ್ಸುತ್ತೆ."

"ಬಾಯಿ!"

"ಬಾಯಿ ನಂದೇ, ಬಾಡಿಗೆದಲ್ಲ. ಆ ಮೇಣ ಗಂಡಸ್ರ ಪೆಟ್ಟಿಗೇಲಿ ಸಿಗೋದಲ್ಲ ಸ್ವಾಮಿ. ಕನ್ನಡಿ ಮುಂದೆ ಇರೋ ಕರಡಿಗೇದು. ಈ ಕಾಂಪೌಂಡಿನೊಳಗೆ ಕುಂಕುಮದ ಕರಡಿಗೆ ಎಲ್ಲಿದೆ ಅಂತ..."

ಸಿದ್ದಮಲ್ಲಪ್ಪನವರು ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದರು. "ಮನೆ ಹೆಣ್ಣುಮಕ್ಕಳ ಮಾತೆತ್ತಿದ್ರೆ ಇಲ್ಲೇ ಚಾವಟಿ ತರಿಸ್ತೀನಿ!"

"ತರ್ಸೋದು ಬೇಡ ಅಪ್ಪಾಜಿ," ಎಂದಿತು ಬಾಗಿಲಿನಿಂದ ಒಂದು ದನಿ. "ಅದು ನನ್ನ ಕರಡಿಗೆಯದೇ."

ಅವರ ಮಗಳು ಪ್ರೇಮಲೀಲಾ. ಕಾಲೇಜಿಗೆ ಹೋಗುವ ಹುಡುಗಿ. ತಾಯಿ ಇಲ್ಲದ ಆ ಮನೆಗೆ ಅವಳೊಬ್ಬಳೇ ಹೆಣ್ಣು. ಹೊಸಿಲಿನ ಈಚೆಗೆ ಬಂದಿರಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದಿದ್ದ ಬೆರಳುಗಳು ಬಿಳುಪೇರಿದ್ದವು.

"ಒಳಗೆ ಹೋಗು ಪ್ರೇಮ."

"ನಾನು ಹಚ್ಚಲಿಲ್ಲ. ಗಾಡಿ ಮುಟ್ಟೂ ಇಲ್ಲ. ಕೇಳಿದ್ರು, ಒಂದ್ ಚೂರು ಕೊಟ್ಟೆ. ಯಾತಕ್ಕೆ ಅಂತ ನಂಗೊತ್ತಿರ್ಲಿಲ್ಲ."

"ಯಾರು ಕೇಳಿದ್ದು ಅಮ್ಮಯ್ಯ?" ಎಂದ ದೇವಸಹಾಯಂ.

ಅವಳು ಅಂಗಳದ ಕಡೆ ನೋಡಿದಳು.

ಮಡ್‌ಗಾರ್ಡು ಒರೆಸುವುದು ನಿಂತುಹೋಗಿತ್ತು. ಆರೋಗ್ಯಪ್ಪ ಬಟ್ಟೆಯನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ಬಾನೆಟ್ಟಿನ ಮೇಲಿಟ್ಟ. ಚಪ್ಪಲಿಯನ್ನು ಕೆಳಗೇ ಬಿಟ್ಟು ಮೆಟ್ಟಿಲು ಹತ್ತಿ ಬಂದ. ಹನ್ನೊಂದು ವರ್ಷದ ಚಾಕರಿಯಲ್ಲಿ ಆ ಮೆಟ್ಟಿಲಿನ ಮೂರನೆಯದಕ್ಕಿಂತ ಮೇಲೆ ಅವನು ಹತ್ತಿದ್ದಿಲ್ಲ. ಇವತ್ತು ಐದೂ ಹತ್ತಿದ.

"ಪೆಟ್ರೋಲ್ ಕದ್ದೋನು ನಾನೇ ಬುದ್ಧಿ," ಎಂದ.

"ಮಾವ!"

"ಕದ್ದು ಮಾರ್ದೆ. ಹೆಂಡ್ತಿ ಕಾಯಿಲೆ ಇತ್ತು, ಮಾರ್ದೆ. ಚಿಕ್ಕಮ್ಮಯ್ಯೋರದ್ದೇನೂ ತಪ್ಪಿಲ್ಲ."

"ಯಾರಿಗ್ ಮಾರಿದ್ರಿ?" ದೇವಸಹಾಯಂ ಅವನ ರಟ್ಟೆ ಹಿಡಿದ. "ಹೇಳಿ. ಯಾವ ಅಂಗಡಿ? ಡಬ್ಬ ಎಲ್ಲಿ? ಯಾವುದರಲ್ಲಿ ತಗೊಂಡ್ ಹೋದ್ರಿ? ಮಾರೋನಿಗೆ ಮೀಟರಿನ ತಂತಿ ಯಾಕ್ ಬಿಚ್ಚಬೇಕಾಯ್ತು? ಅದಕ್ಕೊಂದು ಉತ್ತರ ಹೇಳಿ ಸಾಕು!"

"ಕದ್ದೆ ಅಂದ್ನಲ್ಲ. ಕೈ ಬುಡು."

"ಬುಡಲ್ಲ! ಹತ್ತು ಬೆರಳಿಗೂ ನೀವೇ ಕೆಲಸ ಕಲಿಸಿದ್ದು. ಒಂದು ನಟ್ಟು ಯಾಕ್ ಬಿಚ್ತಾರೆ ಅಂತ ನೀವೇ ಹೇಳಿಕೊಟ್ಟಿದ್ದು. ಈಗ ಆ ನಾಲಿಗೇಲೇ ಸುಳ್ ಹೇಳ್ತೀರಾ? ಯಾರನ್ನ ಕೂರಿಸ್ಕೊಂಡ್ ಹೋದ್ರಿ? ಭಾನುವಾರ ಇಗರ್ಜಿ ಬುಟ್ಟು ಎಲ್ಲಿಗ್ ಹೋದ್ರಿ?"

ಆರೋಗ್ಯಪ್ಪನ ಕಣ್ಣು ಒಂದೇ ಒಂದು ಗಳಿಗೆ ಸಿದ್ದಮಲ್ಲಪ್ಪನವರ ಕಡೆ ಹೋಗಿ ಬಂತು. ಬೇಡಿಕೊಂಡ ನೋಟವೋ, ಎಚ್ಚರಿಸಿದ ನೋಟವೋ ದೇವಸಹಾಯಂಗೆ ತಿಳಿಯಲಿಲ್ಲ.

"ನೀನು ಬುದ್ಧಿವಂತ ಅಂತ ಹೆಮ್ಮೆ ಇತ್ತು ಕಣೋ," ಎಂದ ಆರೋಗ್ಯಪ್ಪ, ಬಹಳ ಮೆಲ್ಲಗೆ. "ಇಷ್ಟ್ ಬುದ್ಧಿವಂತ ಆಗ್ಬಾರ್ದಾಗಿತ್ತು."

ಗಡಿಯಾರ ಐದು ಹೊಡೆಯಿತು.

ಸಿದ್ದಮಲ್ಲಪ್ಪನವರು ಕುರ್ಚಿಯನ್ನು ಎತ್ತಿ ನಿಲ್ಲಿಸಿ ಕೂತರು. ಅವರ ಸಿಟ್ಟು ಇಳಿದುಹೋಗಿತ್ತು. ಕಳ್ಳ ಸಿಕ್ಕಿದ ತೃಪ್ತಿಯಾದರೂ ಮುಖದಲ್ಲಿ ಇರಬೇಕಿತ್ತು, ಅದೂ ಇರಲಿಲ್ಲ. ಬಹಳ ದಿನದ ಹೊರೆ ಇಳಿಸಿದವರ ಹಾಗೆ ಉಸಿರುಬಿಟ್ಟರು. ಮೇಜಿನ ಡ್ರಾಯರಿನಿಂದ ಒಂದು ಛಾಪಾ ಕಾಗದ ತೆಗೆದು ಮುಂದೆ ತಳ್ಳಿದರು. ಪೆನ್ನು ಮಸಿಯಲ್ಲಿ ಅದ್ದಿ ಕೊಟ್ಟರು.

ಕಾಗದದ ತುಂಬ ಬರೆದಾಗಿತ್ತು. ಪೆಟ್ರೋಲು ಕದ್ದದ್ದಾಗಿ ಒಪ್ಪಿಕೊಂಡ ಮುಚ್ಚಳಿಕೆ.

ಆರೋಗ್ಯಪ್ಪ ಅದನ್ನು ಓದಲಿಲ್ಲ. ಎಲ್ಲಿ ರುಜು ಹಾಕಬೇಕೆಂದೂ ಕೇಳಲಿಲ್ಲ. ನೆಟ್ಟಗೆ ಕೆಳಗಿನ ಬಲಮೂಲೆಗೆ ಹೋಗಿ, ಕಲ್ಲು ಕೆತ್ತುವವನ ಹಾಗೆ ಒಂದೊಂದೇ ಅಕ್ಷರ ಒತ್ತಿ, ಹೆಸರು ಬರೆದ.

"ಪೊಲೀಸಿನವರಿಗೆ ಹೇಳಿ ಕಳಿಸ್ತೀನಿ," ಎಂದರು ಸಿದ್ದಮಲ್ಲಪ್ಪನವರು. "ಸವರಿಯಮ್ಮ ಬಿಡಾರದಲ್ಲೇ ಇರಲಿ. ಅವಳನ್ನ ಯಾರೂ ಎಬ್ಬಿಸಲ್ಲ."

"ಆಗ್ಲಿ ಬುದ್ಧಿ."

ಕಳ್ಳನ ಹೆಂಡತಿಗೆ ಬಿಡಾರ! ಇದು ದಯೆಯಲ್ಲ, ಬಾಯಿ ಮುಚ್ಚಿಕೊಂಡದ್ದಕ್ಕೆ ಕೊಟ್ಟ ಬೆಲೆ. ದೇವಸಹಾಯಂನ ತಲೆಯೊಳಗೆ ಏನೋ ಪಟ್ಟೆಂದು ಹರಿಯಿತು. ಮಸಿ ಒಣಗುವ ಮುಂಚೆಯೇ ಅವನು ಕಾಗದವನ್ನು ಕಿತ್ತುಕೊಂಡ. ಹರಿದು ಚೂರು ಮಾಡಿ, ಲೋಟದಲ್ಲಿ ಉಳಿದ ಕಾಫಿಯಲ್ಲಿ ಅದ್ದಿ, ಈ ಲಾಯರಿನ ಮುಖಕ್ಕೆ ಎಸೆದುಬಿಡುವುದೆಂದು ಎರಡು ಕೈಯಲ್ಲೂ ಹಿಡಿದ.

"ಕೊಡೋ ಅದನ್ನ!" ಎಂದು ಕೂಗಿದ್ದು ಲಾಯರಲ್ಲ. ಆರೋಗ್ಯಪ್ಪ.

ಕಾಗದ ಮಗುಚಿತ್ತು. ಹಿಂಬದಿ ಮೇಲಾಗಿತ್ತು. ಛಾಪಾ ಕಾಗದ ಮಾರುವವನು ಯಾರಿಗೆ ಮಾರಿದೆ, ಎಂದು ಮಾರಿದೆ ಎಂದು ಬರೆದು ಮೊಹರು ಒತ್ತಿದ ಎರಡು ಸಾಲು ಅಲ್ಲಿದ್ದವು. ದೇವಸಹಾಯಂ ಹೆಚ್ಚು ಓದಿದವನಲ್ಲ. ಆದರೆ ತಾರೀಖು ಓದುವಷ್ಟು ಓದಿದ್ದಾನೆ.

ಅಕ್ಟೋಬರ್ ಹದಿಮೂರು.

ಅವನು ಮತ್ತೊಮ್ಮೆ ಓದಿದ. ಆಯುಧಪೂಜೆಗೆ ಅವತ್ತಿಗೆ ಇನ್ನೂ ಹನ್ನೊಂದು ದಿನ ಇತ್ತು. ಎಂಜಿನ್ನು ಬಿಚ್ಚಿ, ಚಕ್ರ ಕಳಚಿ, ಗಾಡಿ ನಂಜುಂಡಯ್ಯನ ಚಪ್ಪರದಡಿ ನೂರು ತುಂಡಾಗಿ ಬಿದ್ದಿದ್ದ ದಿನ ಅದು. ಒಂದು ಹನಿ ಪೆಟ್ರೋಲೂ ಇನ್ನೂ ಕಾಣೆಯಾಗಿರಲಿಲ್ಲ.

ಕಳ್ಳತನವೇ ನಡೆಯದಿದ್ದ ದಿನ ತಪ್ಪೊಪ್ಪಿಗೆಯ ಕಾಗದವನ್ನು ಯಾರು ಕೊಂಡರು? ಕಳ್ಳನ ವೇಷವನ್ನು ಅಷ್ಟು ಮುಂಚೆಯೇ ಹೊಲಿಸಿಟ್ಟವರು ಯಾರು?

ಕಣ್ಣು ಎರಡನೇ ಸಾಲಿಗೆ ಇಳಿಯಿತು. ಕೊಂಡವರ ಹೆಸರು ಸ್ಪಷ್ಟವಾಗಿತ್ತು. ಸಿದ್ದಮಲ್ಲಪ್ಪ ಎಂದು ಇರಲಿಲ್ಲ.

'ಆರೋಗ್ಯಪ್ಪ, ಮೋಟಾರು ಡ್ರೈವರು, ಲಕ್ಷ್ಮೀಪುರಂ' ಎಂದಿತ್ತು.